ದಣಿದಮ್ಮನ ಕಟ್ಟೆ

ಕಾರೆಕುಂಟೆ ಊರಿನಿಂದ ಪಡುವಣ ದಿಕ್ಕಿಗೆ ಹೊರಟು ರಾಗಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ ನಡೆದರೆ, ಗುಡ್ಡದ ಬುಡದಲ್ಲಿ ಒಂದು ಹಳ್ಳ ಸಿಗುತ್ತದೆ. ವರ್ಷದ ಬಹುಪಾಲು ಅದರಲ್ಲಿ ನೀರಿರುವುದಿಲ್ಲ. ಮರಳು, ಬೆಣಚುಕಲ್ಲು, ಎರಡೂ ದಡದಲ್ಲಿ ಮೊಣಕಾಲೆತ್ತರದ ಹುಲ್ಲು, ಅಷ್ಟೇ. ಈ ಹಳ್ಳ ಒಂದರ ಕೆಳಗೊಂದರಂತಿರುವ ಮೂರು ಗುಂಡಿಗಳನ್ನು ಹಾದು ಸೀನೀರ ಕುಂಟೆಗೆ ಸೇರುತ್ತದೆ. ಕುಂಟೆ ಎಂದರೆ ದೊಡ್ಡ ಕೆರೆಯೇನಲ್ಲ. ಊರಿಗೆ ಕುಡಿಯುವ ನೀರು ಕೊಡಲೆಂದು ಹಿರಿಯರು ಕಟ್ಟಿಸಿದ ಚಿಕ್ಕ ನೀರಿನ ತಾಣ. ಮೂರನೆಯ ಗುಂಡಿಯ ಪಕ್ಕದಲ್ಲಿ, ಹೊಂಗೆ ಮರದ ನೆರಳಿನಲ್ಲಿ, ಒಬ್ಬರು ಕಾಲು ಚಾಚಿ ಕೂರುವಷ್ಟು ಅಗಲದ ಒಂದು ಕಲ್ಲುಕಟ್ಟೆ ಇದೆ. ಅದರ ಮೇಲೆ ವಿಗ್ರಹವಿಲ್ಲ, ಹಿಂದೆ ಗೋಡೆಯಿಲ್ಲ, ಮೇಲೆ ಗೋಪುರವಿಲ್ಲ. ಅದನ್ನು ದಣಿದಮ್ಮನ ಕಟ್ಟೆ ಎನ್ನುತ್ತಾರೆ.

ಜಲಾನಯನದ ಕೆಲಸ ನೋಡಲು ಜೀಪಿನಲ್ಲಿ ಬರುವವರು ಈ ಹೆಸರು ಕೇಳಿ ನಗುತ್ತಾರೆ. ಮಾರಮ್ಮ ಗೊತ್ತು, ಕೆಂಚಮ್ಮ ಗೊತ್ತು, ಇದು ಯಾವ ದೇವತೆ ಸ್ವಾಮಿ ಎಂದು ಕೇಳುತ್ತಾರೆ. ಊರವರು ಅವರನ್ನು ನನ್ನ ಬಳಿ ಕಳಿಸುತ್ತಾರೆ. ನಾನು ಹೇಳುತ್ತಲೇ ಬಂದಿದ್ದೇನೆ. ಹೇಳಿ ಹೇಳಿ ನನಗೂ ಸಾಕಾಗಿದೆ, ಕೇಳುವವರು ಅರ್ಧಕ್ಕೇ ಕೈಗಡಿಯಾರ ನೋಡಲು ಶುರು ಮಾಡುತ್ತಾರೆ, ಇಲ್ಲವೇ ನನ್ನನ್ನು ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಇನ್ನು ಮೇಲೆ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಬರೆದಿಡುವುದೇ ವಾಸಿ ಎನ್ನಿಸಿತು. ಬೇಕಾದವರು ಓದಿಕೊಳ್ಳಲಿ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ಇನ್ನೂ ಕೊಳವೆಬಾವಿಯ ಹೆಸರೇ ಇಲ್ಲದಿದ್ದ ಕಾಲದಲ್ಲಿ, ಕಾರೆಕುಂಟೆಯ ಬಾವಿಗಳಲ್ಲೆಲ್ಲ ಉಪ್ಪುನೀರು ಬರುತ್ತಿತ್ತು. ದನಕರುವಿಗೆ, ಬಟ್ಟೆಬರೆಗೆ ಅದಾಗುತ್ತಿತ್ತು; ಮನುಷ್ಯರ ಬಾಯಿಗೆ ಆಗುತ್ತಿರಲಿಲ್ಲ. ಕುಡಿಯಲು, ಬೇಯಿಸಲು ಸೀನೀರ ಕುಂಟೆಯೊಂದೇ ಗತಿ. ಆ ಕುಂಟೆಗೆ ನೀರು ಬರುವುದು ಗುಡ್ಡದಿಂದ, ಗುಡ್ಡದಿಂದ ಇಳಿಯುವ ನೀರು ಹೊಲಗಳ ಕೆಂಪುಮಣ್ಣನ್ನೂ ಬಳಿದುಕೊಂಡೇ ಬರುತ್ತದೆ. ಅದಕ್ಕೇ ಹಳೆಯವರು ಹಳ್ಳದಲ್ಲಿ ಮೂರು ಗುಂಡಿ ತೋಡಿದ್ದರು. ಮೊದಲ ಗುಂಡಿಯಲ್ಲಿ ನೀರು ತಡೆದು ನಿಂತು ಮರಳನ್ನು ಇಳಿಸುತ್ತಿತ್ತು, ಎರಡನೆಯದರಲ್ಲಿ ಮಣ್ಣನ್ನು, ಮೂರನೆಯದರಲ್ಲಿ ಉಳಿದ ರಾಡಿಯನ್ನು. ಆಮೇಲೆ ಕುಂಟೆಗೆ ಬೀಳುತ್ತಿದ್ದದ್ದು ತಿಳಿನೀರು. ಕೇಳುವುದಕ್ಕೆ ಸುಲಭ. ಆದರೆ ಗುಂಡಿ ತುಂಬಿದ ಮೇಲೆ ಅದು ಗುಂಡಿಯಾಗಿ ಉಳಿಯುವುದಿಲ್ಲವಲ್ಲ. ಯುಗಾದಿ ಕಳೆದ ಮೇಲೆ, ಭರಣಿ ಮಳೆ ಬೀಳುವುದರೊಳಗೆ, ಮೂರರ ಹೂಳನ್ನೂ ಎತ್ತಿ ಹೊಲಕ್ಕೆ ಹಾಕಬೇಕಿತ್ತು. ವರ್ಷಕ್ಕೊಂದು ಮನೆಯ ಸರದಿ. ಸರದಿಯ ಮನೆಯವರು ಮುಂದೆ ನಿಂತು ಗುದ್ದಲಿ ಹಿಡಿಯಬೇಕು, ಮಿಕ್ಕ ಮನೆಗಳಿಂದ ಒಂದೊಂದು ಆಳು ಬಂದು ಹೂಳು ತುಂಬಿದ ಬಿದಿರಿನ ಮಂಕರಿ ಹೊರಬೇಕು. ಹೂಳು ಬಿದ್ದ ಹೊಲದಲ್ಲಿ ರಾಗಿ ಚೆನ್ನಾಗಿ ಬರುತ್ತಿದ್ದುದರಿಂದ ಮೊದಮೊದಲು ಯಾರೂ ಗೊಣಗುತ್ತಿರಲಿಲ್ಲ.

ಹೀಗಿರುವಾಗ ಸರದಿ ಬೊಮ್ಮಕ್ಕ ಎಂಬುವಳ ಮನೆಗೆ ಬಂತು. ಗಂಡ ಜುಂಜಣ್ಣ, ಎದೆಯುದ್ದದ ಮಗಳು ಹೊನ್ನಿ, ಗುಡ್ಡದ ಓರೆಯಲ್ಲಿ ಒಂದು ತುಂಡು ಹೊಲ, ಇಷ್ಟೇ ಅವಳ ಸಂಸಾರ. ಅಷ್ಟು ಹೊತ್ತಿಗೆ ಮೇಲಿನ ಹೊಲದವರು ಒಂದೊಂದು ಸಾಲು ಒತ್ತುತ್ತಾ ಒತ್ತುತ್ತಾ ಹಳ್ಳದ ದಡದವರೆಗೂ ನೇಗಿಲು ತಂದಿದ್ದರು. ಬೊಮ್ಮಕ್ಕ ಗುಂಡಿಗಳನ್ನು ಗಟ್ಟಿನೆಲ ಕಾಣುವ ತನಕ ಎತ್ತಿದಳು. ಅಷ್ಟಕ್ಕೇ ಬಿಡದೆ, ಹೊಲದ ಮಣ್ಣು ಹಳ್ಳಕ್ಕೆ ಜಾರದಂತೆ ದಡದಲ್ಲಿ ಹುಲ್ಲಿನ ಬುಡಗಳನ್ನು ನೆಟ್ಟು, ಮೇಲಿನ ಹೊಲದವರ ಕೈಲಿ ಜಗಳವಾಡಿ, ಆ ಹುಲ್ಲಿನೊಳಕ್ಕೆ ನೇಗಿಲು ಬರದಂತೆ ನೋಡಿಕೊಂಡಳು. ಆ ವರ್ಷ ಕುಂಟೆಯಲ್ಲಿ ಮುಳುಗಿಸಿದ ಬಿಂದಿಗೆಯ ತಳ ಮೇಲಿನಿಂದಲೇ ಕಾಣುತ್ತಿತ್ತಂತೆ. ಊರಿನ ಹೆಂಗಸರೆಲ್ಲ ಅವಳ ಕೈಗುಣವನ್ನು ಹೊಗಳಿದರು. ಮುಂದಿನ ವರ್ಷ ಸರದಿಯಿದ್ದ ಪಕ್ಕದ ಮನೆಯವಳು ಯುಗಾದಿ ಮಾರನೆಯ ದಿನ ಬಂದು, "ನಮ್ ಕೈ ಒಳ್ಳೇದಲ್ಲ ಕಣಕ್ಕ. ನಾವು ಮುಟ್ಟಿ ನೀರು ಕೆಟ್ರೆ ಊರೋರು ಬಿಡ್ತಾರಾ? ಈ ವರ್ಷಾನೂ ನೀನೇ ಮಾಡ್ಬಿಡು" ಎಂದಳು.

ಕೈಗುಣ ಎಂಬ ಮಾತು ನಮ್ಮ ಕಡೆ ಬಹಳ ದೊಡ್ಡದು. ಒಬ್ಬಳು ನೆಟ್ಟ ಕರಿಬೇವು ಚಿಗುರುತ್ತದೆ, ಇನ್ನೊಬ್ಬಳು ನೆಟ್ಟದ್ದು ಒಣಗುತ್ತದೆ. ಒಬ್ಬಳ ಕೈಯ ಉಪ್ಪಿನಕಾಯಿ ವರ್ಷ ಕಳೆದರೂ ಬೂಸಲು ಹಿಡಿಯುವುದಿಲ್ಲ. ಇದನ್ನು ಅಲ್ಲಗಳೆಯುವವನು ನಾನಲ್ಲ, ನನ್ನ ಹೆಂಡತಿಯ ಕೈಯ ಉಪ್ಪಿನಕಾಯಿ ನಾನು ತಿಂದವನು. ಆದರೆ ಹೂಳು ಎತ್ತುವುದಕ್ಕೂ ಕೈಗುಣ ಬೇಕೆಂದು ಕಂಡುಹಿಡಿದವರು ಜಗತ್ತಿನಲ್ಲಿ ನಮ್ಮ ಊರಿನವರು ಮಾತ್ರ ಇರಬೇಕು. ಹಾಗೆ ಕಂಡುಹಿಡಿದ ದಿನದಿಂದ ಸರದಿ ಬೊಮ್ಮಕ್ಕನ ಮನೆಯಿಂದ ಮುಂದಕ್ಕೆ ಹೋಗಲೇ ಇಲ್ಲ. ಮಂಕರಿ ಹೊರಲು ಬರುತ್ತಿದ್ದವರೂ ವರ್ಷ ವರ್ಷಕ್ಕೆ ಕಡಿಮೆಯಾದರು. ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಸಂತೆ, ಒಬ್ಬನ ಎತ್ತು ಕುಂಟುತ್ತಿತ್ತು. ಕೊನೆಗೆ ಉಳಿದವರು ಗಂಡಹೆಂಡಿರಿಬ್ಬರೇ. ಜುಂಜಣ್ಣ ಒಂದು ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡ ಮೇಲೆ ಅವಳೊಬ್ಬಳೇ.

ಊರು ಅವಳನ್ನು ಮರೆಯಿತೆಂದು ಹೇಳಿದರೆ ತಪ್ಪಾಗುತ್ತದೆ. ಕಣದಲ್ಲಿ ಮೊದಲ ಮೊರ ರಾಗಿ ಅವಳಿಗೆ ಹೋಗುತ್ತಿತ್ತು. ಹೊಸದಾಗಿ ಬಂದ ಸೊಸೆಯರು ಕುಂಟೆಯಿಂದ ಮೊದಲ ಕೊಡ ತರುವಾಗ ಅವಳ ಕಾಲಿಗೆ ಬಿದ್ದು ಬರುತ್ತಿದ್ದರು. ಯಾರ ಮನೆಯ ಒಸಗೆಯಲ್ಲೂ ಅವಳಿಗೆ ಮಣೆ ಹಾಕಿಯೇ ಉಳಿದವರಿಗೆ ಎಲೆ. ಅವಳು ಬೇಡವೆನ್ನುತ್ತಿರಲಿಲ್ಲ, ಬೇಡವೆನ್ನಲೂ ಶಕ್ತಿ ಬೇಕು. ಊಟ ಮಾಡಿ ಎದ್ದು, ಮನೆಗೆ ಬಂದು, ಮಲಗಿಬಿಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಗುದ್ದಲಿ ಹಿಡಿಯುವ ಇನ್ನೊಂದು ಜೊತೆ ಕೈ. ಊರು ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೊಟ್ಟಿತು.

ಹೊನ್ನಿಯನ್ನು ಗುಡ್ಡದಾಚೆಯ ಊರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ಪದ್ಧತಿಯಂತೆ ತವರಿಗೆ ಬಂದಳು. ಬಂದದ್ದು ಬೇಸಿಗೆಯ ಕೊನೆಯಲ್ಲಿ, ಗುಂಡಿ ಎತ್ತುವ ಹೊತ್ತಿನಲ್ಲಿ. ನೋವು ಶುರುವಾದಾಗ ಬೊಮ್ಮಕ್ಕ ಎರಡನೆಯ ಗುಂಡಿಯ ತಳದಲ್ಲಿದ್ದಳು. ಯಾರೋ ಓಡಿಬಂದು ಕೂಗಿದರು. ಮೈಯೆಲ್ಲ ರಾಡಿಯಾಗಿದ್ದವಳು ದಾರಿಯುದ್ದಕ್ಕೂ ಓಡಿ, ಕೈ ತೊಳೆದು ಒಳಗೆ ಹೋಗುವಷ್ಟರಲ್ಲಿ ಕೂಸು ಹುಟ್ಟಿ, ಉಸಿರಾಡದೆ ಹೋಗಿತ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತಂತೆ; ತಿಳಿದವರೊಬ್ಬರು ಪಕ್ಕದಲ್ಲಿ ಇದ್ದಿದ್ದರೆ ಬಿಡಿಸಬಹುದಿತ್ತೋ ಏನೋ, ಯಾರು ಬಲ್ಲರು. ಹೆರಿಗೆ ಮಾಡಿಸಿ ಊರಿನ ಅರ್ಧ ಮಕ್ಕಳನ್ನು ಎತ್ತಿಕೊಂಡ ಕೈ ಬೊಮ್ಮಕ್ಕನದು. ಹೊನ್ನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು, "ನಿನ್ ಕೈಗುಣ ಊರಿಗೆಲ್ಲ ಆಯ್ತು ಕಣವ್ವ, ನಂಗೊಂದು ಆಗ್ಲಿಲ್ಲ" ಎಂದಳು. ಆಮೇಲೆ ಅವಳು ತವರಿಗೆ ಬರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಅಳಿಯ ಬಂದ. ಹೊನ್ನಿಗೆ ಮತ್ತೆ ತಿಂಗಳು ತುಂಬುತ್ತಿತ್ತು. ಅವಳು ಇಲ್ಲಿಗೆ ಬರಲು ಸುತರಾಂ ಒಪ್ಪಲಿಲ್ಲವಂತೆ. ಬರುವುದಿದ್ದರೆ ಅವ್ವನೇ ಬರಲಿ, ಮಳೆ ಬೀಳುವುದರೊಳಗೆ ಬರಲಿ, ಬಾರದಿದ್ದರೆ ಇನ್ನು ಹೇಳಿಕಳಿಸುವುದಿಲ್ಲ ಎಂದಿದ್ದಳು. ಅಳಿಯ ಒಳ್ಳೆಯವನು, ಅಷ್ಟು ಹೇಳಿ ತಲೆ ತಗ್ಗಿಸಿ ಕುಳಿತ. ಬೊಮ್ಮಕ್ಕ ಅವನಿಗೆ ಮುದ್ದೆ ಬಡಿಸಿ, ಬಂದೇ ಬರುತ್ತೇನೆಂದು ಹೇಳಿ ಕಳಿಸಿ, ನೆಟ್ಟಗೆ ಊರ ಗೌಡರಾದ ಓಬಳಗೌಡರ ಮನೆಯ ಜಗಲಿಗೆ ಹೋದಳು. ಅವಳು ಯಾರನ್ನಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು ಎನ್ನುತ್ತಾರೆ.

"ಗೌಡ್ರೇ, ಈ ಸಲ ಗುಂಡಿ ಯಾರಾನಾ ನೋಡ್ಕಳ್ಳಿ. ನಾನು ಮಗಳ ಬಾಣಂತನಕ್ಕೆ ಹೋಗ್ಬೇಕು."

"ಧಾರಾಳವಾಗಿ ಹೋಗು ಬೊಮ್ಮಕ್ಕ, ಬ್ಯಾಡ ಅನ್ನೋರ್ಯಾರು?" ಎಂದರು ಗೌಡರು. "ಗುಂಡಿ ಎತ್ಬಿಟ್ಟು ಹೋಗು."

ಗೌಡರು ಕೆಟ್ಟವರಾಗಿರಲಿಲ್ಲ. ತಾವು ದೊಡ್ಡ ಮನಸ್ಸಿನಿಂದ ಅಪ್ಪಣೆ ಕೊಟ್ಟೆವೆಂದೇ ಅವರು ತಿಳಿದಿದ್ದರು. ಅವಳು ಅಲ್ಲಿಂದ ಎದ್ದು ಮನೆಮನೆಗೆ ಹೋದಳು. ಎಲ್ಲ ಬಾಗಿಲಲ್ಲೂ ಮರ್ಯಾದೆಯೇ. ಒಬ್ಬರು ಬೆಲ್ಲ ನೀರು ಕೊಟ್ಟರು, ಒಬ್ಬರು ಬಾಣಂತಿಗೆಂದು ಕೊಬ್ಬರಿ ಕೊಟ್ಟರು, ಒಬ್ಬಳು ಹೊಸಿಲಲ್ಲೇ ಬಗ್ಗಿ ಕಾಲು ಮುಟ್ಟಿದಳು. ಗುದ್ದಲಿಯ ಮಾತು ಬಂದಾಗ ಮಾತ್ರ ಎಲ್ಲರೂ ತಂತಮ್ಮ ಕೈ ನೋಡಿಕೊಂಡು, ಇದು ಆ ಭಾಗ್ಯ ಪಡೆದು ಬಂದ ಕೈಯಲ್ಲ ಎಂದರು. ನನಗೆ ಈ ಕಥೆಯಲ್ಲಿ ಸಿಟ್ಟು ಬರುವುದು ಇಲ್ಲೇ. ಬೈದು ಕಳಿಸಿದ್ದರೆ ಅವಳು ತಿರುಗಿ ಬೈದು ಅಂದೇ ಗುಡ್ಡ ಹತ್ತುತ್ತಿದ್ದಳು. ಕಾಲಿಗೆ ಬಿದ್ದವರನ್ನು ಏನೆಂದು ಬೈಯುವುದು? ಮಾರನೆಯ ಬೆಳಿಗ್ಗೆ ಕೊಬ್ಬರಿ ಗಂಟನ್ನು ಮನೆಯ ಮೂಲೆಯಲ್ಲಿಟ್ಟು ಗುದ್ದಲಿ ಎತ್ತಿಕೊಂಡು ಹಳ್ಳಕ್ಕೆ ನಡೆದಳು.

ಮೊದಲ ಗುಂಡಿ ಮುಗಿಯಿತು. ಎರಡನೆಯದೂ ಮುಗಿಯಿತು, ಆದರೆ ಅದರ ತಳ ತಲುಪುವ ಹೊತ್ತಿಗೆ ಅವಳು ಒಂದು ಮಂಕರಿ ಹೊತ್ತು ಮೇಲೆ ಬಂದರೆ ಇನ್ನೆರಡು ಮಂಕರಿ ಹೊರುವಷ್ಟು ಸಮಯ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಮೂರನೆಯ ಗುಂಡಿ ಹಾಗೇ ತುಂಬಿ ಕುಳಿತಿತ್ತು. ಅವತ್ತು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು. ಗಾಳಿ ನಿಂತು ಸೆಕೆ ಏರಿತು. ಬೊಮ್ಮಕ್ಕ ಮೂರನೆಯ ಗುಂಡಿಯ ಅಂಚಿಗೆ ಬಂದು ಗುದ್ದಲಿ ಎತ್ತಿದವಳು, ಎತ್ತಿದ್ದನ್ನು ನಿಧಾನಕ್ಕೆ ಕೆಳಗಿಟ್ಟು, ಅಲ್ಲಿದ್ದ ಒಂದು ಚಪ್ಪಡಿ ಕಲ್ಲಿನ ಮೇಲೆ ಕೂತುಬಿಟ್ಟಳು. ದನ ಕಾಯುವವರು ನೋಡಿ ಊರಿಗೆ ಸುದ್ದಿ ಮುಟ್ಟಿಸಿದರು. ಬೊಮ್ಮಕ್ಕ ಕೂತುಬಿಟ್ಟಿದ್ದಾಳೆ, ಮಾತಾಡುತ್ತಿಲ್ಲ, ಮೋಡ ಬೇರೆ ಆಗುತ್ತಿದೆ ಎಂದರು.

ಊರಿಗೆ ಊರೇ ಎದ್ದು ಹಳ್ಳಕ್ಕೆ ಬಂತು. ಕೈಯಲ್ಲಿ ಏನು ಹಿಡಿದು ಬಂತು ಎನ್ನುವುದನ್ನು ಓದುವವರು ಊಹಿಸಬಲ್ಲರು. ಅರಿಶಿನ, ಕುಂಕುಮ, ಹೂವು, ಆರತಿ ತಟ್ಟೆ, ಗೌಡರ ಮನೆಯಿಂದ ಒಂದು ಹೊಸ ಸೀರೆ. ಅಷ್ಟು ಜನ ಒಂದೊಂದು ಗುದ್ದಲಿ ತಂದಿದ್ದರೆ ಕತ್ತಲಾಗುವುದರೊಳಗೆ ಆ ಗುಂಡಿ ಬರಿದಾಗುತ್ತಿತ್ತು. ಅವರು ಅವಳ ಸುತ್ತ ನಿಂತು ಆರತಿ ಎತ್ತಿದರು. ಗಂಡ ಸತ್ತವಳೆಂಬುದನ್ನೂ ನೋಡದೆ, ದೇವರಿಗೆ ಹಚ್ಚುವಂತೆ ಕಾಲಿಗೆ ಅರಿಶಿನ ಹಚ್ಚಿದರು. "ಏಳು ತಾಯೀ, ತಪ್ಪಾಗಿದ್ರೆ ಹೊಟ್ಟೇಗಾಕ್ಕೋ, ಮಳೆ ಬರೋ ಹಂಗದೆ, ಏಳು" ಎಂದು ಮುದುಕಿಯರು ಬೇಡಿಕೊಂಡರು. ಬೊಮ್ಮಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ನಾನು ತಾಯಿನೂ ಅಲ್ಲ, ದೇವ್ರೂ ಅಲ್ಲ ಕಣ್ರಪ್ಪ. ದಣಿದೀನಿ, ಅಷ್ಟೇ" ಎಂದಳು. ಹಾಗೆಂದು ಎದ್ದಳು. ಎದ್ದಳೆಂದು ಜನ ಉಘೇ ಎಂದರು. ಅವಳು ಗುದ್ದಲಿಯ ಕಡೆ ತಿರುಗಲಿಲ್ಲ. ಮನೆಗೂ ಹೋಗಲಿಲ್ಲ. ಉಟ್ಟ ಸೀರೆಯಲ್ಲೇ, ಕಾಲಿನ ಅರಿಶಿನದಲ್ಲೇ, ಹಳ್ಳದ ದಡ ಹಿಡಿದು ಗುಡ್ಡ ಹತ್ತಿದಳು.

ಗುಡ್ಡದಾಚೆಯ ಊರು ಸೇರುವಾಗ ಮಳೆ ಹಿಡಿದಿತ್ತು. ಬಾಗಿಲಲ್ಲಿ ನೀರು ಸುರಿಸಿಕೊಂಡು ನಿಂತ ತಾಯಿಯನ್ನು ಹೊನ್ನಿ ಒಳಗಿನಿಂದಲೇ ನೋಡಿದಳು. ಅವಳಿಗೆ ಆಗಲೇ ನೋವು ಬಂದಿತ್ತು. "ಬಂದ್ಯಾ ಅವ್ವ" ಎಂದಳು, ಅಷ್ಟೇ. ಹೆಣ್ಣು ಮಗು ಹುಟ್ಟಿತು, ಅಜ್ಜಿಯ ಕೈಗೇ ಹುಟ್ಟಿತು, ಜೋರಾಗಿ ಅತ್ತಿತು. ಈ ಕಥೆ ಕೇಳುತ್ತಾ ಕೂತ ಹೆಂಗಸರು ಇಲ್ಲಿಗೆ ಬಂದಾಗ ಒಂದು ನಿಟ್ಟುಸಿರು ಬಿಡುತ್ತಾರೆ. ನಾನೂ ಬಿಡುತ್ತೇನೆ.

ಇತ್ತ ಕಾರೆಕುಂಟೆಯಲ್ಲಿ ಏನಾಯಿತೆಂದರೆ, ಅವಳು ಕೂತ ಚಪ್ಪಡಿಗೆ ಜನ ಪೂಜೆ ಶುರು ಮಾಡಿದರು. ಬೊಮ್ಮಕ್ಕ ಹೋದರೂ ಅವಳ ಕೈಗುಣ ಕಲ್ಲಿನಲ್ಲಿ ನಿಂತಿದೆ ಎಂದರು. ಕಲ್ಲಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಅದೇ ಹೊಸ ಸೀರೆ ಉಡಿಸಿದರು. ಪಕ್ಕದಲ್ಲಿ ತುಂಬಿದ ಗುಂಡಿ ತುಂಬಿದಂತೆಯೇ ಇತ್ತು. ಭರಣಿ ಮಳೆಗೆ ಹಳ್ಳ ಬಂದು, ಗುಂಡಿಯ ರಾಡಿಯನ್ನೂ ಎಬ್ಬಿಸಿಕೊಂಡು ಕುಂಟೆಗೆ ನುಗ್ಗಿತು. ಕುಂಟೆಯ ನೀರು ಇಟ್ಟಿಗೆ ಪುಡಿ ಕಲಸಿದ ಬಣ್ಣಕ್ಕೆ ತಿರುಗಿತು. ಬಟ್ಟೆಯಲ್ಲಿ ಸೋಸಿದರೂ, ನುಗ್ಗೆ ಬೀಜ ತೇಯ್ದು ಹಾಕಿದರೂ ಪೂರಾ ತಿಳಿಯಾಗಲಿಲ್ಲ. ಮಕ್ಕಳಿಗೆ ಭೇದಿ ಹತ್ತಿತು. ಜನ ಕಲ್ಲಿಗೆ ಇನ್ನಷ್ಟು ಹೂವು ಏರಿಸಿದರು. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಓಬಳಗೌಡರು ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು, ಹಣ್ಣುಕಾಯಿ ಹಿಡಿದು, ಗುಡ್ಡದಾಚೆಗೆ ಹೋದರು. ಅವಳನ್ನು ಮರ್ಯಾದೆಯಿಂದ ಬಂಡಿಯಲ್ಲಿ ಕೂರಿಸಿ ಕರೆತರುವ ಯೋಚನೆ ಅವರದು. ಗೌಡರ ಹೆಂಡತಿಯೂ ಜೊತೆಗಿದ್ದಳು.

ಬೊಮ್ಮಕ್ಕ ಅಂಗಳದಲ್ಲಿ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಪಕ್ಕದಲ್ಲಿ ಹೊನ್ನಿ ಕೂತಿದ್ದಳು. ಗೌಡರು ಹಣ್ಣುಕಾಯಿ ಮುಂದಿಟ್ಟು, "ನಿನ್ ಕೈಗುಣ ಇಲ್ದೆ ಊರು ಕೆಟ್ಟೋಯ್ತು ಬೊಮ್ಮಕ್ಕ" ಎಂದು ಶುರು ಮಾಡಿದರು. ಬೊಮ್ಮಕ್ಕ ಮಗುವನ್ನು ಎತ್ತಿ ಹೊನ್ನಿಗೆ ಕೊಟ್ಟು ಎರಡೂ ಕೈಯನ್ನು ಗೌಡರ ಮುಂದೆ ಚಾಚಿದಳು. ಬೆರಳುಗಳು ಗುದ್ದಲಿಯ ಮರದ ಕಾವು ಹಿಡಿದ ಹಾಗೆಯೇ ಬಾಗಿ ನಿಂತಿದ್ದವು.

"ಕೈಗುಣ ಕೈಗುಣ ಅಂತೀರಲ್ಲ, ನೋಡ್ಕಳ್ಳಿ. ಬೆರಳು ನೆಟ್ಟಗಾಗಲ್ಲ ಗೌಡ್ರೇ. ಮಗೀಗೆ ಎಣ್ಣೆ ಹಚ್ಬೇಕು ಅಂದ್ರೆ ನನ್ ಮಗಳು ನನ್ ಕೈ ಹಿಡ್ಕಂಡು ಹಚ್ಚುಸ್ತಾಳೆ."

ಗೌಡರು ಆ ಕೈಗಳಿಗೆ ನಮಸ್ಕಾರ ಮಾಡಲು ಹೋದರಂತೆ. ಅವರ ಹೆಂಡತಿ ಗಂಡನ ತೋಳು ಹಿಡಿದು, "ಸಾಕು ಬಿಡಿ, ಇನ್ನೂ ಎಷ್ಟು ಕೈ ಮುಗೀತೀರಾ" ಎಂದು ಎಬ್ಬಿಸಿಕೊಂಡು ಬಂದಳು. ಅವರು ಊರಿಗೆ ಮರಳಿದ ದಿನವೇ ಗೌಡರು ಮೂರನೆಯ ಗುಂಡಿಗೆ ಇಳಿದರೆಂದು ಗೌಡರ ವಂಶದವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಹೇಳುವುದು ಬೇರೆ. ಇಳಿದವಳು ಗೌಡರ ಹೆಂಡತಿ. ಅವಳು ಸೀರೆ ಎತ್ತಿಕಟ್ಟಿ ಗುದ್ದಲಿ ಹಿಡಿದದ್ದು ನೋಡಿ ನಾಚಿಕೆಯಿಂದ ಉಳಿದವರು ಇಳಿದರು. ಯಾರು ಮೊದಲು ಇಳಿದರೂ ಅಂದು ಗುಂಡಿ ಬರಿದಾಯಿತು. ಕಲ್ಲಿಗೆ ಉಡಿಸಿದ್ದ ಸೀರೆ ಬಿಚ್ಚಿ, ಅರಿಶಿನ ಕುಂಕುಮ ಉಜ್ಜಿ ತೊಳೆದು, ಆ ಚಪ್ಪಡಿಯ ಕೆಳಗೆ ಇನ್ನೆರಡು ಕಲ್ಲು ಕೊಟ್ಟು ಕಟ್ಟೆ ಮಾಡಿದರು. ಸರದಿ ಮತ್ತೆ ಮನೆಯಿಂದ ಮನೆಗೆ ನಡೆಯಿತು.

ಕೆಲವು ವರ್ಷಗಳಾದ ಮೇಲೆ ಬೊಮ್ಮಕ್ಕ ಮೊಮ್ಮಗಳ ಕೈ ಹಿಡಿದು ಒಮ್ಮೆ ಬಂದಳಂತೆ. ಜನ ಗುಂಡಿಯಲ್ಲಿದ್ದರು. ಅವಳು ಕಟ್ಟೆಯ ಮೇಲೆ ಕೂತು ನೋಡಿದಳು. ಯಾರೂ ಆರತಿ ಎತ್ತಲಿಲ್ಲ. ಯಾರೋ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟು ಕೆಲಸಕ್ಕೆ ಮರಳಿದರು. ಅವಳಿಗೆ ಅದೇ ಹಿತವಾಯಿತು ಎನ್ನುತ್ತಾರೆ. ಸಂಜೆಯವರೆಗೂ ಕೂತಿದ್ದು ಹೋದಳು. ಅಂದಿನಿಂದ ಅದು ದಣಿದಮ್ಮನ ಕಟ್ಟೆಯಾಯಿತು. ಅಂದಿನಿಂದಲೇ ಊರಿನಲ್ಲಿ ಒಂದು ಕಟ್ಟಳೆಯೂ ಆಯಿತು. ಗುಂಡಿ ಎತ್ತುವ ದಿನ, ಆ ವರ್ಷ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ದಣಿದ ಹೆಂಗಸು ಯಾರೆಂದು ಹೆಂಗಸರೇ ಕೂಡಿ ಹೇಳುತ್ತಾರೆ. ಬಾಣಂತನ ಮಾಡಿದವಳೋ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡವಳೋ, ಒಬ್ಬಳೇ ಹೊಲ ಗೇದವಳೋ. ಅವಳು ಅಂದು ಕಟ್ಟೆಯ ಮೇಲೆ ಕೂರಬೇಕು. ಅವಳ ಮನೆಯ ಪಾಲಿನ ಮಂಕರಿಯನ್ನು ಊರು ಹೊರಬೇಕು. ಅವಳಿಗೆ ಪೂಜೆಯಿಲ್ಲ, ಕಾಲಿಗೆ ಬೀಳುವುದಿಲ್ಲ, ಕುಡಿಯಲು ಮಜ್ಜಿಗೆ ಕೊಡುತ್ತಾರೆ. ನನ್ನ ಹೆಂಡತಿಯೂ ಒಂದು ವರ್ಷ ಕೂತಿದ್ದಳು. ಕೂತಲ್ಲೇ ನಿದ್ದೆ ಹೋಗಿದ್ದಳು.

ಈಗ ಬರುವವರಿಗೆ ಹಳ್ಳ ಕಾಣುತ್ತದೆ, ದಡದ ಹುಲ್ಲು ಕಾಣುತ್ತದೆ, ಗುಂಡಿಗಳಲ್ಲಿ ಮೊದಲೆರಡು ಗುಂಡಿಗಳಾಗಿಯೇ ಕಾಣುತ್ತವೆ. ಹೂಳು ತುಂಬಿದ ಮೂರನೆಯದನ್ನು ನಾನು ಬೆರಳಿಟ್ಟು ತೋರಿಸಬೇಕಾಗುತ್ತದೆ. ಊರಿಗೆ ನಲ್ಲಿ ಬಂದಿದೆ, ಬಸ್ ನಿಲ್ದಾಣದ ಬಳಿ ಶುದ್ಧ ನೀರಿನ ಘಟಕ ಬಂದಿದೆ. ಅದು ಕೆಟ್ಟಾಗ ಮಾತ್ರ ಜನಕ್ಕೆ ಕುಂಟೆಯ ನೆನಪಾಗುತ್ತದೆ, ಅದು ಆಗಾಗ ಕೆಡುತ್ತದೆ. ಕಳೆದ ವರ್ಷ ಗುಂಡಿ ಎತ್ತಲು ಬಂದವರು ಬೆರಳೆಣಿಕೆಯಷ್ಟು ಮಂದಿ, ಎಲ್ಲರೂ ನನ್ನ ವಯಸ್ಸಿನ ಆಚೀಚಿನವರು. ಕಟ್ಟೆಯ ಮೇಲೆ ಕೂರಿಸಲು ಹೆಂಗಸರು ಒಬ್ಬಳ ಹೆಸರು ಹೇಳಿದರು. ಅವಳು ಮಂಕರಿ ಕೆಳಗಿಡದೆಯೇ, "ನಾನು ಕೂತ್ರೆ ಹೊರೋರ್ಯಾರು?" ಎಂದಳು. ಕಟ್ಟೆ ಅಂದು ಖಾಲಿಯಾಗಿಯೇ ಉಳಿಯಿತು.

ಮೊನ್ನೆ ಆ ಕಡೆ ಹೋದಾಗ ನೋಡಿದರೆ ಯಾರೋ ಕಟ್ಟೆಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ ಹೋಗಿದ್ದರು. ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು. ನಾನು ಕುಂಟೆಯಿಂದ ನೀರು ತಂದು, ಉಜ್ಜಿ, ಎಲ್ಲವನ್ನೂ ತೊಳೆದೆ. ಮುದಿ ಕೈ, ಅರಿಶಿನ ಬೇಗ ಬಿಡಲಿಲ್ಲ. ತೊಳೆದು ಮುಗಿದ ಮೇಲೆ ಊರಿನ ಕಡೆ ಒಮ್ಮೆ ನೋಡಿದೆ. ಯಾರೂ ಬರುತ್ತಿರಲಿಲ್ಲ. ಗಂಡಸು ಕೂರುವುದು ಕಟ್ಟಳೆಗೆ ಒಪ್ಪದೆಂದು ಗೊತ್ತಿದ್ದೂ, ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟೆ.